ಪದ ಪರಿಚಯ: ಹೆವನ್ಲಿ ಮದರ್

ಕ್ರೈಸ್ತರಿಗೆ ದೇವರು ತಂದೆ. ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಪಂಥದವರಿಗೂ ತಂದೆಯೇ. ಆದರೆ ಅವರ ನಂಬಿಕೆಯಲ್ಲಿ ಆ ತಂದೆಗೆ ಜೊತೆಗಾತಿಯೊಬ್ಬಳು ಇದ್ದಾಳೆ. ಅವಳೇ ಹೆವನ್ಲಿ ಮದರ್, ಸ್ವರ್ಗದ ತಾಯಿ. ಇವಳು ಯೇಸುವಿನ ತಾಯಿ ಮರಿಯಳಲ್ಲ. ನಮ್ಮೆಲ್ಲರ ಆತ್ಮಗಳಿಗೂ ತಾಯಿ.

ಈ ತಾಯಿ ಎಲ್ಲಿಂದ ಬಂದಳು? ಮಾರ್ಮನ್ನರ ದೇವರು ನಿರಾಕಾರನಲ್ಲ, ಅವನಿಗೆ ಮೂಳೆ ಮಾಂಸದ ಮೈಯಿದೆ. ಗಂಡ ಹೆಂಡತಿ ಜೊತೆಯಾಗಿಯೇ ಸ್ವರ್ಗದ ಮೇಲಿನ ಮೆಟ್ಟಿಲು ಹತ್ತಿ ದೇವರಂತಾಗಬೇಕು ಅನ್ನುವುದು ಅವರ ಬೋಧನೆ. ಹಾಗಿದ್ದ ಮೇಲೆ ದೇವರೊಬ್ಬನೇ ಒಂಟಿ ಹೇಗಾದಾನು? ಎಲೈಜಾ ಸ್ನೋ ಎಂಬ ಕವಯಿತ್ರಿ 1845ರಲ್ಲಿ ಪ್ರಕಟಿಸಿದ ಪದ್ಯದಲ್ಲಿ ಕೇಳಿದ್ದು ಇದನ್ನೇ. ಚರ್ಚಿನಲ್ಲಿ ಅದನ್ನು ಇವತ್ತಿಗೂ ಹಾಡುತ್ತಾರೆ. ತಾಯಿಯನ್ನು ನೆನೆಯುವ ಆ ಹಾಡು ಶುರುವಾಗುವುದು ಮಾತ್ರ 'ಓ ನನ್ನ ತಂದೆ' ಅಂತ!

ಹಾಡಬಹುದು, ಆದರೆ ಅವಳನ್ನು ಕರೆಯುವಂತಿಲ್ಲ. ಯೇಸು ಪ್ರಾರ್ಥಿಸಿದ್ದು ತಂದೆಯನ್ನು, ನಾವೂ ಹಾಗೇ ಮಾಡಬೇಕು ಎಂದು ಚರ್ಚಿನ ಹಿರಿಯ ಮುಖಂಡ ಗಾರ್ಡನ್ ಹಿಂಕ್ಲಿ 1991ರಲ್ಲಿ ಹೇಳಿದರು. ಅದೇ ದಶಕದಲ್ಲಿ, ತಾಯಿಯ ಬಗ್ಗೆ ಬರೆದ ಜಾನಿಸ್ ಆಲ್ರೆಡ್ ಅವರನ್ನು ಚರ್ಚಿನಿಂದಲೇ ಹೊರಹಾಕಲಾಯಿತು. ಅವಳು ಅಷ್ಟು ಪವಿತ್ರಳು, ಅದಕ್ಕೇ ಈ ಮೌನ ಎಂದು ಜನ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಆದರೆ ಹಳೆಯ ಮುಖಂಡರು ಅವಳ ಬಗ್ಗೆ ಎಷ್ಟೋ ಕಡೆ ಮಾತಾಡಿದ್ದಾರೆ ಎಂದು 2011ರಲ್ಲಿ ಇಬ್ಬರು ಮಾರ್ಮನ್ ಲೇಖಕರೇ ತೋರಿಸಿದರು. ಈಗ ಬಿಗಿ ಒಂದಿಷ್ಟು ಸಡಿಲವಾಗಿದೆ. 2019ರಿಂದ ಚರ್ಚಿನ ಹುಡುಗಿಯರು ಹೇಳುವ ಪ್ರತಿಜ್ಞೆಯಲ್ಲಿ 'ಸ್ವರ್ಗದ ತಂದೆ' ಹೋಗಿ 'ಸ್ವರ್ಗದ ತಂದೆತಾಯಿ' ಬಂದಿದೆ.

ಸ್ತ್ರೀವಾದಿಗಳಿಗೆ ಇದು ಸುಮ್ನೆ ಪದಗಳ ಜಗಳವಲ್ಲ. ಈ ಚರ್ಚಿನಲ್ಲಿ ಪೌರೋಹಿತ್ಯ ಗಂಡಸರಿಗೆ ಮಾತ್ರ. ಮುಂದೆ ನಾನು ಏನಾಗುತ್ತೇನೆ ಎಂದು ಗಂಡು ಕೇಳಿದರೆ, ತಂದೆಯ ಹಾಗೆ ಎಂಬ ಉತ್ತರ ಸಿದ್ಧವಿದೆ. ಹೆಣ್ಣು ಕೇಳಿದರೆ? ಹೆಸರಿಲ್ಲದ, ಮಾತಿಲ್ಲದ, ಮಕ್ಕಳು ಕೂಗುವಂತೆಯೂ ಇಲ್ಲದ ತಾಯಿಯ ಹಾಗಾ? ನನಗೆ ಇವರ ವಾದದಲ್ಲಿ ಜಾಸ್ತಿ ನಾಟಿದ್ದು ಈ ಪ್ರಶ್ನೆ.

ಹಾಗಂತ ಎಲ್ಲ ಸ್ತ್ರೀವಾದಿಗಳಿಗೂ ಈ ತಾಯಿ ಬೇಕು ಎಂದೇನಿಲ್ಲ. ಹೆಣ್ಣಿನ ದೈವತ್ವ ಅಂದರೆ ಮತ್ತೆ ಗಂಡ, ಮಕ್ಕಳು ಅಷ್ಟೇನಾ ಅನ್ನುತ್ತಾರೆ ಕೆಲವರು. ಮದುವೆ ಬೇಡ ಅನ್ನುವವಳಿಗೆ, ಹೆಣ್ಣನ್ನೇ ಪ್ರೀತಿಸುವವಳಿಗೆ ಅಲ್ಲಿ ಜಾಗ ಎಲ್ಲಿ? ಬಹುಪತ್ನಿತ್ವದ ಹಳೇ ನೆರಳೂ ಇದೆ. ಎಲೈಜಾ ಸ್ನೋ ಕೂಡ ಪಂಥ ಕಟ್ಟಿದ ಜೋಸೆಫ್ ಸ್ಮಿತ್‌ನ ಹಲವು ಹೆಂಡಿರಲ್ಲಿ ಒಬ್ಬಳು. ಹಾಗಾದರೆ ಸ್ವರ್ಗದಲ್ಲಿರುವ ತಾಯಿ ಒಬ್ಬಳೇನಾ ಎಂದು ಇವರು ಕೇಳುತ್ತಾರೆ.