ನೋವು ಹೋಯಿತೆಂದು ಸೂಜಿ ಬಿಡಬೇಡಿ

ಮೂರು ವಾರಕ್ಕೊಮ್ಮೆ ನಿಮ್ಮ ಮಗುವಿಗೆ ಹಾಕುವ ಪೆನಿಸಿಲಿನ್ ಸೂಜಿ ಕೀಲುನೋವಿನದ್ದಲ್ಲ. ಗಂಟಲುನೋವಿನ ಬೆನ್ನಿಗೆ ಬಂದು ಕೀಲಿಗೂ ಹೃದಯಕ್ಕೂ ತಟ್ಟುವ ರುಮ್ಯಾಟಿಕ್ ಜ್ವರದ ಮಕ್ಕಳನ್ನು ದಾವಣಗೆರೆಗೆ ಕರೆತರುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. "ಈಗ ಚೆನ್ನಾಗಿ ಓಡಾಡ್ತಾನ್ರೀ ಡಾಕ್ಟ್ರೇ, ಸೂಜಿ ಯಾಕ್ರೀ ಮತ್ತೆ?" ಅಂತಾರೆ. ಆಮೇಲೆ ಪತ್ತೆಯೇ ಇಲ್ಲ. ಮತ್ತೆ ಬರುವ ಹೊತ್ತಿಗೆ ಹುಡುಗ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುತ್ತಿರುತ್ತಾನೆ.

ಕೀಲಿನ ಬಾವು ಇಳಿದೇ ಇಳಿಯುತ್ತದೆ, ಗುರುತೂ ಉಳಿಯುವುದಿಲ್ಲ. ಮೋಸ ಇರುವುದೇ ಅಲ್ಲಿ. ಸ್ಟ್ರೆಪ್ಟೊಕಾಕಸ್ ರೋಗಾಣು ಗಂಟಲಿಗೆ ಬಂದ ಎರಡು ಮೂರು ವಾರದ ಮೇಲೆ, ಅದನ್ನು ಕೊಲ್ಲಲು ಎದ್ದ ದೇಹದ ಶಕ್ತಿ ತನ್ನದೇ ಹೃದಯದ ಕವಾಟದ ಮೇಲೂ ತಿರುಗಿಬೀಳಬಹುದು. ಒಮ್ಮೆ ಹೀಗಾದ ಮಗುವಿಗೆ ಅದೇ ಗಂಟಲುನೋವು ಮತ್ತೆ ಬಂದರೆ ರುಮ್ಯಾಟಿಕ್ ಜ್ವರ ಮರಳುವ ಅಪಾಯ ಜಾಸ್ತಿ. ಮರಳಿದಷ್ಟೂ ಕವಾಟ ಕೆಡುತ್ತದೆ. ಸೂಜಿ ಇರುವುದು ಆ ಮುಂದಿನ ಗಂಟಲುನೋವನ್ನು ತಡೆಯಲು. ಮೂರು ವಾರ ದಾಟಿದರೆ ರಕ್ತದಲ್ಲಿ ಔಷಧ ಸಾಲದಾಗುತ್ತದೆ. ಮಂಡಕ್ಕಿ ಭಟ್ಟಿ ಕಡೆ ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆಗಳಿವೆ. ಅಲ್ಲಿ ಒಬ್ಬರ ಗಂಟಲುನೋವು ಇನ್ನೊಬ್ಬರಿಗೆ ಹತ್ತಲು ಎಷ್ಟು ಹೊತ್ತು?

ಎಷ್ಟು ವರ್ಷ? ಹೃದಯಕ್ಕೆ ತಟ್ಟದಿದ್ದರೂ ಕನಿಷ್ಠ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಹೆಚ್ಚೋ ಅಷ್ಟು. ಕವಾಟ ಜಾಸ್ತಿ ಕೆಟ್ಟಿದ್ದರೆ 40ರ ವಯಸ್ಸಿನವರೆಗೂ ಬೇಕಾಗಬಹುದು. ಎಕೋ (ಹೃದಯದ ಸ್ಕ್ಯಾನ್) ನೋಡಿ ನಿಮ್ಮ ಡಾಕ್ಟರೇ ಹೇಳಬೇಕು, ನನ್ನ ಅಂಕಣ ಓದಿ ತೀರ್ಮಾನಿಸಬೇಡಿ. ಸೂಜಿ ನೋಯುತ್ತದೆ, ನಿಜ. ಅಪರೂಪಕ್ಕೆ ಅಲರ್ಜಿಯೂ ಆಗುತ್ತದೆ. ಅದಕ್ಕೇ ತುರ್ತು ಔಷಧ ಇರುವ ಕಡೆಯೇ ಹಾಕಿಸಿ, ಹಾಕಿಸಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಿ.

ಜಗಳೂರು ಕಡೆಯ ತಾಂಡಾದ ಅಜ್ಜಿಯೊಬ್ಬರಿಗೆ ಓದು ಬಾರದು. "ಮೂರನೇ ಸಂತೆಗೆ ಸೂಜಿ" ಅಂತ ಲೆಕ್ಕ ಇಟ್ಟಿದ್ದಾರೆ. ಮೊಮ್ಮಗಳ ಸೂಜಿ ಒಂದೂ ತಪ್ಪಿಲ್ಲ. ಒಮ್ಮೆ ಔಷಧ ಖಾಲಿ ಅಂದ ನರ್ಸಮ್ಮನಿಗೆ, "ಮುಂದಿನ ಸಂತೆಗೆ ಖಾಲಿ ಅಂದ್ರೆ ಇಲ್ಲೇ ಕೂರ್ತೀನಿ ನೋಡವ್ವ" ಅಂದಿದ್ದರಂತೆ. ಪದವೀಧರ ಅಪ್ಪಂದಿರು ಮೊಬೈಲಲ್ಲಿ ಅಲಾರಂ ಇಟ್ಟೂ ಮರೆಯುತ್ತಾರೆ, ಏನು ಹೇಳೋಣ!

ಕಾಫಿ ತೋಟಕ್ಕೆ, ಕಬ್ಬು ಕಡಿಯಲು ಗುಳೆ ಹೋಗುವವರು ಸೂಜಿಯ ಚೀಟಿ ಜೊತೆಗಿಟ್ಟುಕೊಳ್ಳಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಮೂರು ವಾರದ ಲೆಕ್ಕ ತಪ್ಪದಂತೆ ಕೇಳಿ ಹಾಕಿಸಿ. ಮನೆಯ ಇನ್ನೊಂದು ಮಗುವಿಗೆ ಜ್ವರದ ಜೊತೆ ಗಂಟಲುನೋವು ಬಂದರೆ ಮೆಡಿಕಲ್ ಶಾಪಿನ ಎರಡು ಮಾತ್ರೆಯಲ್ಲಿ ಮುಗಿಸಬೇಡಿ, ಡಾಕ್ಟರಿಗೆ ತೋರಿಸಿ. 10 ದಿನದ ಮಾತ್ರೆ ಬರೆದುಕೊಟ್ಟರೆ, ಮೂರನೇ ದಿನಕ್ಕೆ ನೋವು ಹೋದರೂ ಹತ್ತೂ ದಿನ ನುಂಗಿಸಿ.