ಧಾರಾವಾಹಿಯಿಂದ ಸಿನಿಮಾಗೆ: ನಟರು ಬಿಡಬೇಕಾದ ಅಭ್ಯಾಸ, ಹಿಡಿಯಬೇಕಾದ ಲೆಕ್ಕ

ಕಿರುತೆರೆಯಿಂದ ಸಿನಿಮಾಗೆ ಹೋಗಿ ಗೆದ್ದವರ ಸಾಲು ಕನ್ನಡದಲ್ಲಿ ದೊಡ್ಡದೇ ಇದೆ. ಯಶ್ ಮತ್ತು ರಾಧಿಕಾ ಪಂಡಿತ್ ‘ನಂದಗೋಕುಲ’ ಧಾರಾವಾಹಿಯಲ್ಲಿದ್ದವರು. 2008ರ ‘ಮೊಗ್ಗಿನ ಮನಸು’ ಇಬ್ಬರಿಗೂ ಹಿರಿತೆರೆಯಲ್ಲಿ ಜಾಗ ಮಾಡಿಕೊಟ್ಟಿತು. ಗಣೇಶ್ ‘ಕಾಮಿಡಿ ಟೈಮ್’ ಮೂಲಕ ಮನೆಮಾತಾಗಿ 2006ರ ಕೊನೆಗೆ ‘ಮುಂಗಾರು ಮಳೆ’ಯ ನಾಯಕನಾದರು. ರಚಿತಾ ರಾಮ್ ‘ಅರಸಿ’ಯಿಂದ 2013ರ ‘ಬುಲ್‌ಬುಲ್‌’ಗೆ ಬಂದರು. ಇವರನ್ನೆಲ್ಲ ನೋಡಿ, ಎರಡು ವರ್ಷ ಧಾರಾವಾಹಿ ಮಾಡಿದರೆ ಸಿನಿಮಾ ತಾನಾಗಿ ಕೈಗೆ ಬರುತ್ತದೆ ಎಂದುಕೊಂಡು ಬರುವ ಹುಡುಗ ಹುಡುಗಿಯರು ಬಹಳ. ಧಾರಾವಾಹಿಯಲ್ಲಿ ಕ್ಯಾಮೆರಾ ಭಯ ಬಿಡುತ್ತದೆ, ಲೈಟ್ ಎಲ್ಲಿದೆ ಎಂದು ಮೈಗೇ ಗೊತ್ತಾಗುತ್ತದೆ, ಜನ ಗುರುತು ಹಿಡಿಯುತ್ತಾರೆ. ಇದೆಲ್ಲ ನಿಜವಾದ ಲಾಭ. ಆದರೆ ಅಲ್ಲಿ ದಿನವೂ ಮಾಡಿ ಮಾಡಿ ಮೈಗೂಡಿದ ಕೆಲವು ಅಭ್ಯಾಸಗಳು ಸಿನಿಮಾ ಸೆಟ್‌ನಲ್ಲಿ ನಟನನ್ನು ಕೆಡಿಸುತ್ತವೆ. ಯಾವುವು, ಏಕೆ ಎಂದು ಗೊತ್ತಿದ್ದರೆ ಮೊದಲ ಸಿನಿಮಾದಲ್ಲೇ ಸರಿಪಡಿಸಿಕೊಳ್ಳಬಹುದು.

ಮೊದಲು ಕೆಲಸದ ವೇಗವನ್ನು ನೋಡಿ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಮತ್ತು ಪ್ರೊಮೋ ಹಾಕಬಾರದು ಎಂಬ ನಿಯಮವಿದೆ. ಹಾಗಾಗಿ ಅರ್ಧ ಗಂಟೆಯ ಧಾರಾವಾಹಿಗೆ ದಿನಕ್ಕೆ 22 ನಿಮಿಷದ ಆಸುಪಾಸು ಕಥೆ ಬೇಕು, ಅದೂ ವಾರದಲ್ಲಿ ಐದಾರು ದಿನ. ಮೇಲೊಂದು ಮಹಾಸಂಚಿಕೆ ಬಂದರೆ ಕೈಯಲ್ಲಿರುವ ಎಪಿಸೋಡ್ ಬ್ಯಾಂಕ್ (ಮೊದಲೇ ತೆಗೆದಿಟ್ಟ ಸಂಚಿಕೆಗಳ ದಾಸ್ತಾನು) ಒಂದೇ ವಾರದಲ್ಲಿ ಖಾಲಿ. ಅದಕ್ಕೇ ಯೂನಿಟ್ ದಿನಕ್ಕೆ ಹತ್ತಿರ ಹತ್ತಿರ ಒಂದು ಸಂಚಿಕೆ ಮುಗಿಸಬೇಕು: ಏಳಕ್ಕೆ ಮೇಕಪ್, ಒಂಬತ್ತಕ್ಕೆ ಮೊದಲ ಶಾಟ್, ರಾತ್ರಿ ಒಂಬತ್ತರ ಹೊತ್ತಿಗೆ ಪ್ಯಾಕಪ್. ಸೀನ್ ಪೇಪರ್ ಹಲವು ಬಾರಿ ಕೈಸೇರುವುದು ಮೇಕಪ್ ಕುರ್ಚಿಯಲ್ಲಿ. ಸಿನಿಮಾದಲ್ಲಿ ಇಡೀ ದಿನ ದುಡಿದು ಎರಡು–ಮೂರು ನಿಮಿಷದ ದೃಶ್ಯ ಸಿಕ್ಕರೆ ಒಳ್ಳೆಯ ದಿನ.

ಟಿವಿ ಎಂದರೆ ಮೊದಲಿಂದಲೂ ಹೀಗಿರಲಿಲ್ಲ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ, 1987ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ನೋಡಿ. ಅದರಲ್ಲಿ ಗಿರೀಶ್ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಮಾಸ್ಟರ್ ಮಂಜುನಾಥ್ ಅವರ ಅಭಿನಯ ಸಿನಿಮಾದ ಅಳತೆಯದು. ಅವರ ಮುಖದಲ್ಲಿ ಎಲ್ಲೂ ಅವಸರ ಕಾಣುವುದಿಲ್ಲ. ಖಾಸಗಿ ಚಾನೆಲ್‌ಗಳು ಬಂದು ದಿನವಹಿ ಧಾರಾವಾಹಿಗಳು ಬೆಳೆದ ಮೇಲೆ ಬಂದ ಅಭಿನಯದ ರೀತಿಯೇ ಬೇರೆ. ಇವತ್ತಿನ ನಟರು ಕಲಿಯುತ್ತಿರುವುದು ಈ ಎರಡನೆಯದನ್ನು.

ಅದರಲ್ಲಿ ತುಂಬ ಆಳಕ್ಕೆ ಇಳಿಯುವ ಅಭ್ಯಾಸ ಮುಖ ಹಿಡಿದು ನಿಲ್ಲುವುದು. ಧಾರಾವಾಹಿಯಲ್ಲಿ ಒಬ್ಬರು ಆಘಾತದ ಮಾತಾಡಿದ ಕೂಡಲೇ ಎಲ್ಲರ ರಿಯಾಕ್ಷನ್ ಬೇಕು. ಅತ್ತೆಯದು, ಸೊಸೆಯದು, ಮೂಲೆಯಲ್ಲಿ ನಿಂತ ಚಿಕ್ಕಪ್ಪನದು. ಮೇಲೆ ಹಿನ್ನೆಲೆ ಸಂಗೀತ ಕೂರಬೇಕಾದ್ದರಿಂದ ಪ್ರತಿ ಮುಖವನ್ನೂ ಮೂರು–ನಾಲ್ಕು ಸೆಕೆಂಡ್ ಹಾಗೇ ಇಟ್ಟುಕೊಳ್ಳಲು ಹೇಳುತ್ತಾರೆ. ಹುಬ್ಬು ಮೇಲೆ, ಕಣ್ಣು ಅಗಲ, ಉಸಿರು ಬಿಗಿ. ಅಡುಗೆಮನೆಯಿಂದ ಕಿವಿಯಲ್ಲೇ ಟಿವಿ ನೋಡುವವರು ತಿರುಗಿ ನೋಡಿದಾಗಲೂ ಭಾವ ಗೊತ್ತಾಗಲಿ ಎಂಬ ಲೆಕ್ಕ ಅದು, ಆ ಮಾಧ್ಯಮಕ್ಕೆ ಸರಿಯಾದದ್ದೇ. ಸಿನಿಮಾ ಪರದೆಯ ಮೇಲೆ ಅದೇ ಮುಖ ಆಳೆತ್ತರವನ್ನೂ ಮೀರಿ ಹರಡಿಕೊಳ್ಳುತ್ತದೆ. ಕತ್ತಲಲ್ಲಿ ಕೂತ ಪ್ರೇಕ್ಷಕನಿಗೆ ಕಣ್ಣುಗುಡ್ಡೆಯ ಚಿಕ್ಕ ಚಲನೆಯೂ ಕಾಣುತ್ತದೆ. ಅಲ್ಲಿ ಹಿಡಿದು ನಿಂತ ಮುಖ ಫೋಟೊಗೆ ಪೋಸ್ ಕೊಟ್ಟ ಹಾಗೆ ಕಾಣುತ್ತದೆ.

ಹುಬ್ಬು ಇಳಿಸಿ ಎಂದು ನಿರ್ದೇಶಕರು ಹೇಳಿದರೆ ಹುಬ್ಬೇನೋ ಇಳಿಯುತ್ತದೆ, ಬಿಗಿತ ದವಡೆಗೆ ಹೋಗುತ್ತದೆ. ಸ್ನಾಯುವನ್ನು ಸರಿಮಾಡಲು ಹೊರಟರೆ ಪ್ರಯೋಜನವಿಲ್ಲ, ಎದುರಿನವರ ಮಾತು ಕೇಳುವ ರೀತಿ ಬದಲಾಗಬೇಕು. ಅವರ ಮಾತಿನಲ್ಲಿ ಯಾವ ಪದ ನಿಮ್ಮ ಪಾತ್ರಕ್ಕೆ ನಾಟುತ್ತದೆ ಎಂದು ಮೊದಲೇ ಗುರುತು ಮಾಡಿ. ಆ ಪದ ಬಂದ ಮೇಲೆ ಪಾತ್ರ ಮುಂದೇನು ಮಾಡಬೇಕೆಂದು ಯೋಚಿಸುತ್ತದೋ ಅದನ್ನು ಮನಸ್ಸಿನಲ್ಲೇ ಪೂರ್ತಿ ವಾಕ್ಯವಾಗಿ ಹೇಳಿಕೊಳ್ಳಿ. ಯೋಚನೆ ನಡೆಯುತ್ತಿದ್ದರೆ ಮುಖ ಹೆಪ್ಪುಗಟ್ಟುವುದಿಲ್ಲ.

ಮನೆಯಲ್ಲಿ ಹೀಗೆ ಅಭ್ಯಾಸ ಮಾಡಬಹುದು. ಮೊಬೈಲನ್ನು ಸ್ಟ್ಯಾಂಡ್‌ಗೆ ಹಾಕಿ ನಿಮ್ಮ ಕಣ್ಣಿನ ಎತ್ತರಕ್ಕೆ ಇಡಿ. ಎಂಟು ಸಾಲಿನ ಒಂದೇ ಸಂಭಾಷಣೆಯನ್ನು ಮೂರು ಸಲ ಶೂಟ್ ಮಾಡಿ: ಒಮ್ಮೆ ಇಡೀ ದೇಹ ಕಾಣುವಂತೆ, ಒಮ್ಮೆ ಸೊಂಟದವರೆಗೆ, ಒಮ್ಮೆ ಮುಖ ಮಾತ್ರ. ಹತ್ತಿರಕ್ಕೆ ಬರಲು ಜೂಮ್ ಮಾಡಬೇಡಿ, ಫೋನನ್ನೇ ಹತ್ತಿರ ತನ್ನಿ. ಆಮೇಲೆ ಮೂರನ್ನೂ ಸದ್ದಿಲ್ಲದೆ ನೋಡಿ. ಮುಖದ ಶಾಟ್‌ನಲ್ಲಿ ಸೊಂಟದ ಶಾಟ್‌ನಷ್ಟೇ ತಲೆ ಅಲ್ಲಾಡುತ್ತಿದ್ದರೆ, ಪ್ರತಿ ಸಾಲಿನ ಕೊನೆಗೂ ಹುಬ್ಬು ಏಳುತ್ತಿದ್ದರೆ ಅಲ್ಲಿಂದ ಕೆಲಸ ಶುರು. ಒಂದು ತಿಂಗಳು ಮಾಡಿದರೆ ಬದಲಾವಣೆ ಕಾಣುತ್ತದೆ.

ಎರಡನೆಯದು ಪ್ರಾಂಪ್ಟಿಂಗ್. ಕ್ಯಾಮೆರಾ ಪಕ್ಕದಲ್ಲಿ ನಿಂತ ಸಹಾಯಕ ಒಂದೊಂದೇ ಸಾಲು ಹೇಳುತ್ತಾನೆ, ನಟ ಅದನ್ನು ಎತ್ತಿಕೊಳ್ಳುತ್ತಾನೆ. ದಿನಕ್ಕೆ ಏಳೆಂಟು ಸೀನ್ ಇರುವಾಗ ಇದರ ಅನಿವಾರ್ಯತೆಯನ್ನು ಅಲ್ಲಗಳೆಯಲಾಗದು. ಆದರೆ ಸಾಲು ಕಿವಿಗೆ ಬೀಳಲು ಕಾಯುವ ಅರ್ಧ ಸೆಕೆಂಡ್ ಕಣ್ಣಿನಲ್ಲಿ ಕಂಡೇ ಕಾಣುತ್ತದೆ. ಎದುರಿನ ಪಾತ್ರದ ಮೇಲಿದ್ದ ನೋಟ ಒಂದು ಕ್ಷಣ ಖಾಲಿಯಾಗುತ್ತದೆ. ಸಿಂಕ್ ಸೌಂಡ್ (ಸೆಟ್‌ನಲ್ಲೇ ದನಿ ದಾಖಲಿಸುವ ಕ್ರಮ) ಇರುವ ಸಿನಿಮಾದಲ್ಲಿ ಪ್ರಾಂಪ್ಟರ್ ದನಿಯೇ ರೆಕಾರ್ಡ್ ಆಗುವುದರಿಂದ ಆ ಅನುಕೂಲವೇ ಇಲ್ಲ. ಧಾರಾವಾಹಿ ನಡೆಯುತ್ತಿರುವಾಗಲೇ ದಿನಕ್ಕೆ ಒಂದು ಸೀನನ್ನು ಪ್ರಾಂಪ್ಟಿಂಗ್ ಇಲ್ಲದೆ ಮಾಡುತ್ತೇನೆಂದು ಕೇಳಿ ನೋಡಿ. ಟೇಕ್ ಹೆಚ್ಚಾಗದಿದ್ದರೆ ಯಾರೂ ಬೇಡ ಎನ್ನುವುದಿಲ್ಲ. ಬಾಯಿಪಾಠ ಮಾಡುವಾಗ ಭಾವ ಸೇರಿಸದೆ, ಪಾತ್ರೆ ತೊಳೆಯುತ್ತಲೋ ನಡೆಯುತ್ತಲೋ ಒಂದೇ ದನಿಯಲ್ಲಿ ಹೇಳಿ. ಭಾವದ ಜೊತೆ ಬಾಯಿಪಾಠವಾದ ಸಾಲನ್ನು, ನಿರ್ದೇಶಕರು ಬೇರೆ ರೀತಿ ಕೇಳಿದಾಗ ಬದಲಿಸಲು ಆಗುವುದಿಲ್ಲ.

ಕಂಟಿನ್ಯೂಟಿಯಲ್ಲಿ, ಎಂದರೆ ಒಂದು ಶಾಟ್‌ನಲ್ಲಿ ಮಾಡಿದ್ದನ್ನು ಮುಂದಿನದರಲ್ಲೂ ಹಾಗೇ ಉಳಿಸಿಕೊಳ್ಳುವುದರಲ್ಲಿ, ಹೊಸಬರು ತಡವರಿಸುವುದು ಸಹಜ. ಧಾರಾವಾಹಿಯಲ್ಲಿ ಎರಡು–ಮೂರು ಕ್ಯಾಮೆರಾ ಒಟ್ಟಿಗೆ ಓಡಿದರೆ ಮಾಸ್ಟರ್ ಶಾಟ್ (ಇಡೀ ದೃಶ್ಯ ಕಾಣುವಂಥದ್ದು), ಸಜೆಷನ್ (ಒಬ್ಬರ ಭುಜದ ಮೇಲಿಂದ ಎದುರಿನವರನ್ನು ತೋರಿಸುವಂಥದ್ದು), ಕ್ಲೋಸಪ್ ಒಂದೇ ಟೇಕ್‌ನಲ್ಲಿ ಸಿಗುತ್ತವೆ. ಒಂದೇ ಕ್ಯಾಮೆರಾದಲ್ಲಿ ತೆಗೆಯುವ ಸಿನಿಮಾದಲ್ಲಿ ಬೆಳಿಗ್ಗೆ ಮಾಸ್ಟರ್, ಲೈಟ್ ಬದಲಿಸಿ ಮಧ್ಯಾಹ್ನ ಎದುರಿನವರ ಸಜೆಷನ್, ಸಂಜೆ ನಿಮ್ಮ ಕ್ಲೋಸಪ್. ಬೆಳಿಗ್ಗೆ ಯಾವ ಪದಕ್ಕೆ ಲೋಟ ಎತ್ತಿದಿರೋ ಸಂಜೆಯೂ ಅದೇ ಪದಕ್ಕೆ, ಅದೇ ಕೈಯಲ್ಲಿ ಎತ್ತಬೇಕು. ಇಲ್ಲದಿದ್ದರೆ ಎಡಿಟಿಂಗ್ ಮೇಜಿನಲ್ಲಿ ನಿಮ್ಮ ಅತ್ಯುತ್ತಮ ಟೇಕ್ ಕಸದ ಬುಟ್ಟಿಗೆ ಹೋಗುತ್ತದೆ. ಹಾಗಾಗಿ ಒಂದು ಸೀನಿನಲ್ಲಿ ಎರಡು ಅಥವಾ ಮೂರು ಕ್ರಿಯೆ ಸಾಕು, ಪ್ರತಿಯೊಂದನ್ನೂ ಒಂದು ಪದಕ್ಕೆ ಕಟ್ಟಿಬಿಡಿ. ಊಟದ ದೃಶ್ಯವಾದರೆ ತುತ್ತು ಚಿಕ್ಕದಿರಲಿ. ಹತ್ತು ಟೇಕ್‌ಗೂ ತಿನ್ನಬೇಕಾಗುತ್ತದೆ ಎಂಬ ನೆನಪಿರಲಿ. ಕಥೆಯ ಕ್ರಮದಲ್ಲಿ ಶೂಟಿಂಗ್ ನಡೆಯುವುದಿಲ್ಲ, ಆದ್ದರಿಂದ ಒಂದು ನೋಟ್‌ಬುಕ್ ಬೇಕೇ ಬೇಕು: ಸೀನ್ ನಂಬರ್, ಕಥೆಯಲ್ಲಿ ಅದು ಎಷ್ಟನೇ ದಿನ, ಬಟ್ಟೆ, ಕೂದಲು, ಗಾಯದ ಗುರುತು, ಪಾತ್ರ ಈ ಸೀನಿಗೆ ಎಲ್ಲಿಂದ ಬಂತು, ಬರುವಾಗ ಕೋಪ ಎಷ್ಟಿತ್ತು. ಕೋಪವನ್ನೋ ದುಃಖವನ್ನೋ ಹತ್ತರಲ್ಲಿ ಇಷ್ಟು ಎಂದು ಅಂಕಿಯಲ್ಲಿ ಬರೆದಿಟ್ಟರೆ, ಮೂರು ವಾರದ ನಂತರ ಮುಂದಿನ ಸೀನ್ ತೆಗೆಯುವಾಗ ಹಿಡಿದುಕೊಳ್ಳಲು ಒಂದು ಆಧಾರ ಇರುತ್ತದೆ.

ಅಳುವ ದೃಶ್ಯಗಳ ಬಗ್ಗೆ ಒಂದು ಎಚ್ಚರಿಕೆ. ವಾರವೆಲ್ಲ ಅಳುವ ಪಾತ್ರಕ್ಕೆ ಗ್ಲಿಸರಿನ್ ತಪ್ಪದು. ಆದರೆ ಅದನ್ನು ಕಣ್ಣಿನೊಳಗೆ ಬಿಡುವುದು ತಪ್ಪು. ಕೆಳರೆಪ್ಪೆಯ ಹೊರಗಿನ ಚರ್ಮಕ್ಕೆ ಬೆರಳ ತುದಿಯಿಂದ ತೆಳುವಾಗಿ ಸವರಿದರೆ ಸಾಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲು ತೆಗೆಯಿರಿ, ಶಾಟ್ ಮುಗಿದ ಕೂಡಲೇ ಶುದ್ಧ ನೀರಿನಿಂದ ತೊಳೆಯಿರಿ. ಉರಿ, ಕೆಂಪು ಮಾರನೆಯ ದಿನಕ್ಕೂ ಉಳಿದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಸಿನಿಮಾ ಕ್ಲೋಸಪ್‌ನಲ್ಲಿ ಕೆನ್ನೆಗೆ ಹಚ್ಚಿದ ಗ್ಲಿಸರಿನ್ ದಪ್ಪವಾಗಿ ಹೊಳೆದು ಸುಳ್ಳು ಕಣ್ಣೀರೆಂದು ಹೇಳಿಬಿಡುತ್ತದೆ. ಅಳು ತಡೆಯಲು ಒದ್ದಾಡುವ ಮುಖ ಅದಕ್ಕಿಂತ ಎಷ್ಟೋ ಮೇಲು.

ಇನ್ನು ಡಬ್ಬಿಂಗ್. ನಿಮ್ಮ ಪಾತ್ರಕ್ಕೆ ನಿಮ್ಮದೇ ದನಿ ಇರಲಿ ಎಂದು ಹಟ ಹಿಡಿಯಿರಿ, ಅದಕ್ಕೆ ಬೇಕಾದ ತಯಾರಿಯನ್ನೂ ಮಾಡಿಕೊಳ್ಳಿ. ಅಕಾರ–ಹಕಾರ, ಲ–ಳ, ನ–ಣ, ಸ–ಶ ಸರಿಯಿಲ್ಲದ ಕಾರಣಕ್ಕೆ ಚೆನ್ನಾಗಿ ನಟಿಸಿದವರಿಗೂ ಬೇರೆಯವರ ದನಿ ಕೂರಿಸಲಾಗುತ್ತದೆ. ದಿನಕ್ಕೆ 15 ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕೇಳಿದರೆ ತಪ್ಪುಗಳು ನಿಮಗೇ ಗೊತ್ತಾಗುತ್ತವೆ. ಡಬ್ಬಿಂಗ್ ಕೋಣೆಯಲ್ಲಿ ಮೈಕಿನಿಂದ ಒಂದು ಗೇಣು ದೂರ ನಿಲ್ಲಿ. ಮೊದಲು ಪೈಲಟ್ ಟ್ರ್ಯಾಕ್ (ಶೂಟಿಂಗ್ ವೇಳೆ ದಾಖಲಾದ ದನಿ) ಕೇಳುತ್ತ ಲೂಪ್ (ಮತ್ತೆ ಮತ್ತೆ ಓಡಿಸುವ ದೃಶ್ಯದ ತುಣುಕು) ನೋಡಿ, ತುಟಿ ಮುಚ್ಚುವ ಪ, ಬ, ಮ ಅಕ್ಷರಗಳು ಎಲ್ಲಿ ಬರುತ್ತವೆಂದು ಗುರುತಿಸಿ. ಆ ಅಕ್ಷರಗಳು ಸರಿಯಾಗಿ ಕೂತರೆ ಉಳಿದದ್ದು ತುಸು ಹಿಂದುಮುಂದಾದರೂ ಕಣ್ಣಿಗೆ ಕಾಣುವುದಿಲ್ಲ. ಸಾಲಿಗಿಂತ ಮುಂಚಿನ ಉಸಿರನ್ನೂ ಡಬ್ ಮಾಡಬೇಕು. ಅದು ಬಿಟ್ಟುಹೋದರೆ ದನಿ ದೇಹಕ್ಕೆ ಅಂಟುವುದಿಲ್ಲ. ಕಿರುಚಾಟ, ಹೊಡೆದಾಟದ ಏದುಸಿರು–ಕೂಗುಗಳಂಥ ಫೈಟ್ ಎಫರ್ಟ್‌ಗಳನ್ನು ದಿನದ ಕೊನೆಗೆ ಇಡಲು ಕೇಳಿ. ಬೆಳಿಗ್ಗೆಯೇ ಗಂಟಲು ಹೋದರೆ ಪ್ರೇಮದ ಸೀನ್ ಮಾಡಲು ದನಿಯೇ ಇರುವುದಿಲ್ಲ.

ಅಭಿನಯ ತಿದ್ದಿಕೊಂಡವರೂ ಎಡವುವುದು ಡೇಟ್ಸ್‌ನಲ್ಲಿ, ಎಂದರೆ ಶೂಟಿಂಗ್‌ಗೆ ಕೊಟ್ಟ ದಿನಗಳ ಹೊಂದಾಣಿಕೆಯಲ್ಲಿ. ಧಾರಾವಾಹಿಯ ಮುಖ್ಯಪಾತ್ರಕ್ಕೆ ತಿಂಗಳಿಗೆ 20 ದಿನದ ಆಸುಪಾಸು ಬೇಕು. ಸಿನಿಮಾ ಶೆಡ್ಯೂಲ್ ಮಳೆಗೋ ಹಣಕ್ಕೋ ನಾಯಕನ ಡೇಟ್ಸ್‌ಗೋ ಜಾರುತ್ತಲೇ ಇರುತ್ತದೆ. ಎರಡಕ್ಕೂ ಒಪ್ಪಿಕೊಂಡು ಒಂದೇ ವಾರ ಎರಡೂ ಕಡೆಯಿಂದ ಕರೆ ಬಂದಾಗ ಧಾರಾವಾಹಿ ತಂಡ ಪಾತ್ರವನ್ನು ಊರಿಗೆ ಕಳಿಸುತ್ತದೆ, ಆಮೇಲೆ ಬೇರೆಯವರನ್ನು ತಂದು ಕೂರಿಸುತ್ತದೆ. ವೀಕ್ಷಕರು ಒಂದೆರಡು ವಾರ ಗೊಣಗಿ ಹೊಸ ಮುಖಕ್ಕೆ ಒಗ್ಗುತ್ತಾರೆ. ಅರ್ಧಕ್ಕೆ ಬಿಟ್ಟರು ಎಂಬ ಮಾತು ಮಾತ್ರ ಪ್ರೊಡಕ್ಷನ್ ಮ್ಯಾನೇಜರ್‌ಗಳ ನಡುವೆ ವರ್ಷಗಟ್ಟಲೆ ಓಡಾಡುತ್ತದೆ. ಸಿನಿಮಾ ಬಂದರೆ ಮೊದಲು ಧಾರಾವಾಹಿಯವರಿಗೆ ಹೇಳಿ, ಯಾವ ದಿನಗಳು ಬೇಕೆಂದು ಬರಹದಲ್ಲಿ ಕೊಡಿ, ಮುಂಗಡವಾಗಿ ಕೆಲವು ಸೀನ್ ತೆಗೆದುಕೊಳ್ಳಲು ಅವಕಾಶ ಮಾಡಿಕೊಡಿ. ಎಪಿಸೋಡ್ ಬ್ಯಾಂಕ್ ಇದ್ದಾಗ ಒಪ್ಪದ ತಂಡ ಅಪರೂಪ.

ಅಗ್ರಿಮೆಂಟ್‌ಗೆ ಸಹಿ ಹಾಕುವ ಮುಂಚೆ ಕೇಳಬೇಕಾದವು: ತಿಂಗಳಿಗೆ ಕನಿಷ್ಠ ಎಷ್ಟು ದಿನ ಕೆಲಸ ಖಾತ್ರಿ? ಕಾಲ್‌ಶೀಟ್ (ಒಂದು ದಿನದ ಕೆಲಸದ ಅವಧಿ) ಎಷ್ಟು ಗಂಟೆ, ಮೀರಿದರೇನು? ಬೇರೆ ಚಾನೆಲ್‌ನಲ್ಲಿ, ಸಿನಿಮಾದಲ್ಲಿ ನಟಿಸಬಹುದೇ? ಬಿಡಬೇಕಾದರೆ ಎಷ್ಟು ದಿನದ ನೋಟಿಸ್? ಪ್ರೊಮೋ, ಅವಾರ್ಡ್ ಕಾರ್ಯಕ್ರಮ, ಊರೂರಿನ ಪ್ರಚಾರದ ದಿನಗಳಿಗೆ ಹಣ ಉಂಟೇ? ಬಟ್ಟೆಯ ಖರ್ಚು ಯಾರದು? ಈ ಕೊನೆಯ ಪ್ರಶ್ನೆಯನ್ನು ನಟಿಯರು ಬಿಡಲೇಬಾರದು. ದಿನಕ್ಕೊಂದು ಸೀರೆಯ ಪಾತ್ರದಲ್ಲಿ ಸಂಭಾವನೆಯ ದೊಡ್ಡ ಪಾಲು ಬಟ್ಟೆ ಅಂಗಡಿಗೇ ಹೋಗುವುದುಂಟು. ಸಂಭಾವನೆ ದಿನದ ಲೆಕ್ಕದಲ್ಲಿ ನಿಗದಿಯಾದರೂ ಕೈಸೇರುವುದು 30, 60, ಕೆಲವೆಡೆ 90 ದಿನಗಳ ಮೇಲೆ. ಆದ್ದರಿಂದ ಮೊದಲ ಮೂರು ತಿಂಗಳ ಬಾಡಿಗೆ, ಊಟ, ಓಡಾಟಕ್ಕೆ ಹಣ ಇಟ್ಟುಕೊಂಡೇ ಕೆಲಸಕ್ಕೆ ಇಳಿಯಿರಿ. ಟಿಆರ್‌ಪಿ ಇಳಿದರೆ ಧಾರಾವಾಹಿ ಬೇಗ ನಿಂತುಹೋಗಬಹುದು ಎಂಬುದೂ ಲೆಕ್ಕದಲ್ಲಿರಲಿ.

ಸಿನಿಮಾದಲ್ಲಿ ಕಂತಿನ ಪಾವತಿ: ಸಹಿಯ ದಿನ ಅಡ್ವಾನ್ಸ್, ಶೆಡ್ಯೂಲ್‌ಗೆ ಇಷ್ಟು, ಪೂರ್ತಿ ಬಾಕಿ ಡಬ್ಬಿಂಗ್‌ಗೆ ಮುಂಚೆ. ಈ ಕೊನೆಯ ಮಾತು ಬರಹದಲ್ಲೇ ಇರಲಿ. ಡಬ್ಬಿಂಗ್ ಮುಗಿದ ಮೇಲೆ ನಿಮ್ಮಿಂದ ಆಗಬೇಕಾದ ಕೆಲಸ ನಿರ್ಮಾಪಕರಿಗೆ ಹೆಚ್ಚೇನೂ ಉಳಿದಿರುವುದಿಲ್ಲ. ಟೈಟಲ್ ಕಾರ್ಡ್‌ನಲ್ಲಿ ಹೆಸರು ಬರುವುದನ್ನೂ ಬರೆಸಿಕೊಳ್ಳಿ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಸಿನಿಮಾದ ಸಾಂದರ್ಭಿಕ ಪಾತ್ರಧಾರಿಯ ಹೆಸರು ರೂಢಿಯಂತೆ ಎಲ್ಲೂ ದಾಖಲಾಗದಿದ್ದರೆ ಆತನಿಗೆ ‘ಪ್ರದರ್ಶಕ’ನ (ಪರ್ಫಾರ್ಮರ್, ಎಂದರೆ ಅಭಿನಯಿಸುವ ಕಲಾವಿದನ) ಬಹುಪಾಲು ಹಕ್ಕುಗಳೇ ಸಿಗುವುದಿಲ್ಲ. ಚಿಕ್ಕ ಪಾತ್ರ ಮಾಡುವವರು ಇದನ್ನು ತಿಳಿದಿರಬೇಕು.

ತೆರಿಗೆಯ ಮಾತು ಚಿಕ್ಕದು. ಸಂಭಾವನೆಯಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಕಡಿತವಾಗುವ ಆದಾಯ ತೆರಿಗೆ) ಮುರಿದುಕೊಳ್ಳುತ್ತಾರೆ. ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡಿ. ವರ್ಷದ ಗಳಿಕೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಮೇಕಪ್ ಸಾಮಗ್ರಿ, ಬಟ್ಟೆ, ಪ್ರಯಾಣದ ಬಿಲ್‌ಗಳನ್ನು ಎಸೆಯಬೇಡಿ.

ಮಕ್ಕಳನ್ನು ನಟನೆಗೆ ಕಳಿಸುವ ತಂದೆ ತಾಯಿಗೆ ಕಾನೂನು ಸ್ಪಷ್ಟವಾಗಿದೆ, ಆದರೂ ಸೆಟ್‌ಗಳಲ್ಲಿ ಅದನ್ನು ಕೇಳುವವರು ಕಡಿಮೆ. 14 ವರ್ಷದೊಳಗಿನ ಮಗು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಶಾಲೆ ಬಿಡಿಸಿ ಸತತ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಗಳಿಕೆಯ ಕನಿಷ್ಠ ಶೇ 20 ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ರಾತ್ರಿ ಒಂಬತ್ತಕ್ಕೂ ಮಗು ಮೇಕಪ್‌ನಲ್ಲೇ ಕೂತಿದ್ದರೆ ಎದ್ದು ಹೋಗಿ ಮಾತಾಡಿ. ಮುಂದಿನ ಅವಕಾಶ ತಪ್ಪೀತೆಂಬ ಹೆದರಿಕೆಗೆ ಮಗುವಿನ ನಿದ್ದೆ ಬಲಿಯಾಗಬಾರದು.

ಕರ್ನಾಟಕದ ಕಲಾವಿದರಿಗೆ ಈಗ ಇನ್ನೊಂದು ಆಸರೆಯ ದಾರಿ ತೆರೆದಿದೆ. ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗಾಗಿ 2024ರಲ್ಲಿ ರಾಜ್ಯ ವಿಧಾನಮಂಡಲ ಒಂದು ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಸಿನಿಮಾ ಟಿಕೆಟ್ ಮತ್ತು ಚಂದಾ ಶುಲ್ಕಗಳ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಿ ನಿಧಿ ಕಟ್ಟುವ ಏರ್ಪಾಡು ಅದರಲ್ಲಿದೆ. ಇಂಥ ನಿಧಿಯಿಂದ ನೆರವು ಕೇಳುವಾಗ ಎಲ್ಲಿ, ಎಷ್ಟು ದಿನ ದುಡಿದಿರಿ ಎಂಬುದಕ್ಕೆ ಪುರಾವೆ ಬೇಕಾಗುತ್ತದೆ. ಕಾಲ್‌ಶೀಟ್ ಮೆಸೇಜ್, ಅಗ್ರಿಮೆಂಟ್ ಪ್ರತಿ, ಬ್ಯಾಂಕ್ ಪಾವತಿ, ಹೆಸರು ಬಂದ ಟೈಟಲ್ ಕಾರ್ಡಿನ ಸ್ಕ್ರೀನ್‌ಶಾಟ್ ಇವನ್ನೆಲ್ಲ ವರ್ಷವಾರು ಫೋಲ್ಡರ್ ಮಾಡಿ ಇಟ್ಟುಕೊಳ್ಳಿ, ಮೊದಲ ಧಾರಾವಾಹಿಯ ಮೊದಲ ದಿನದಿಂದಲೇ.