ಚಿಕ್ಕಮಗಳೂರು: ಹೊಸ ರಸ್ತೆಗೆ ದುಡ್ಡಿದೆ, ಗುಂಡಿ ಮುಚ್ಚಲು ಯಾಕಿಲ್ಲ?

ಗುಂಡಿಯ ದೂರು ಕೊಡುವ ಮೊದಲು ರಸ್ತೆ ಯಾರದೆಂದು ನೋಡಬೇಕು. ಕೆ.ಎಂ. (ಕಡೂರು–ಮಂಗಳೂರು) ರಸ್ತೆ ರಾಷ್ಟ್ರೀಯ ಹೆದ್ದಾರಿ 173ರ ಭಾಗ, ಅದರ ದುರಸ್ತಿ ಹೆದ್ದಾರಿ ವಿಭಾಗದ ಬಾಬ್ತು. ಬಡಾವಣೆಯ ಅಡ್ಡರಸ್ತೆ, ಚರಂಡಿ, ಫುಟ್‌ಪಾತ್ ಮಾತ್ರ 1964ರ ಪುರಸಭೆಗಳ ಕಾಯ್ದೆಯಂತೆ ನಗರಸಭೆಯ ಹೊಣೆ.

ಈ ಹೊಣೆಗೆ ಒಂದು ಕಾಲದಲ್ಲಿ ಸ್ವಂತ ದುಡ್ಡೂ ಇತ್ತು. ಊರೊಳಗೆ ಬರುವ ಸರಕಿನ ಮೇಲೆ ಆಕ್ಟ್ರಾಯ್ ಎಂಬ ಸುಂಕ ವಸೂಲಾಗುತ್ತಿತ್ತು. 1979ರಲ್ಲಿ ರಾಜ್ಯ ಸರ್ಕಾರ ಅದನ್ನು ರದ್ದುಮಾಡಿತು. ಲಾರಿಗಳು ಸುಂಕದ ನಾಕಾದಲ್ಲಿ ಕಾಯುವುದು ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಕೈಗೆ ನೇರ ಸಿಗುತ್ತಿದ್ದ ವರಮಾನದ ಜಾಗಕ್ಕೆ ಬೆಂಗಳೂರಿನಿಂದ ಬರುವ ಅನುದಾನ ಬಂತು. ನಗರಾಡಳಿತಕ್ಕೆ ಬಲ ಕೊಡಲೆಂದು ತಂದ ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಯಾದ ಮೇಲೂ ನಗರಸಭೆಗಳಿಗೆ ಗಟ್ಟಿಯಾಗಿ ಉಳಿದದ್ದು ಆಸ್ತಿ ತೆರಿಗೆ ಒಂದೇ. 2002ರಿಂದ ಅದು ಬಾಡಿಗೆ ಮೌಲ್ಯದ ಬದಲು ಬಂಡವಾಳ ಮೌಲ್ಯದ, ಅಂದರೆ ಆಸ್ತಿಯ ಬೆಲೆಯ, ಸ್ವಯಂ ಘೋಷಣೆಗೆ ಬದಲಾಯಿತು.

ತೆರಿಗೆ ರಸೀದಿಯನ್ನೇ ನೋಡಿ. ತೆರಿಗೆ 1,000 ರೂಪಾಯಿ ಆದರೆ ಅದರ ಮೇಲೆ ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಉಪಕರ ಶೇ 3. ಆ 240 ರೂಪಾಯಿಗೆ ನಗರಸಭೆ ಬರೀ ವಸೂಲಿಗಾರ. ಉಳಿದ ಸಾವಿರದಲ್ಲೇ ಕಸ, ನೀರೆತ್ತುವ ಪಂಪು, ಬೀದಿದೀಪ ಎಲ್ಲ ನಡೆಯಬೇಕು. ರಸ್ತೆ ದುರಸ್ತಿ ಸಾಲಿನ ಕೊನೆಗೆ ನಿಲ್ಲುತ್ತದೆ.

ಮೇಲಿನಿಂದ ಬರುವ ಅನುದಾನಕ್ಕೂ ಕಟ್ಟುಪಾಡಿದೆ. ಕೇಂದ್ರದ 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಇಂಥ ಊರುಗಳ ಪಾಲಿನ ಶೇ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತು. ರಾಜ್ಯದ ನಗರೋತ್ಥಾನ ಯೋಜನೆಯ ದುಡ್ಡು ಹೊಸ ಕಾಮಗಾರಿಗೆ. ಹೊಸ ರಸ್ತೆಗೆ ಗುದ್ದಲಿ ಪೂಜೆ ಉಂಟು, ಗುಂಡಿಗೆ ಯಾರು ಮಾಡುತ್ತಾರೆ?

ಕೇಂದ್ರದ ಅಮೃತ್ ನೀರಿನ ಯೋಜನೆಯಂಥ ಕೊಳವೆ ಕಾಮಗಾರಿಗೆ ಅಗೆದ ಜಾಗದಲ್ಲಿ ಈ ಕೊರತೆ ಕಣ್ಣಿಗೆ ಹೊಡೆಯುತ್ತದೆ. ಅಗೆದ ಕಾಲುವೆಗೆ 15–20 ಸೆಂ.ಮೀ. ಪದರದಂತೆ ಮಣ್ಣು ತುಂಬಿ, ನೀರು ಹಾಯಿಸಿ, ದಮ್ಮಸು ಮಾಡಬೇಕು. ಜೆಸಿಬಿಯಲ್ಲಿ ಒಂದೇ ಸಲ ದೂಡಿದರೆ ಮೊದಲ ಮುಂಗಾರಿಗೇ ಮಣ್ಣು ಕುಸಿದು, ಡಾಂಬರಿನ ಅಂಚು ಆಧಾರವಿಲ್ಲದೆ ಮುರಿಯುತ್ತದೆ. ಹೀಗಾದ ಗುಂಡಿ ಮುಚ್ಚಲೂ ಕ್ರಮವಿದೆ: ಚೌಕಾಕಾರವಾಗಿ ಗೋಡೆ ನೆಟ್ಟಗಿರುವಂತೆ ಕತ್ತರಿಸಿ, ಧೂಳು ತೆಗೆದು, ಎಮಲ್ಷನ್ (ಅಂಟಿಗೆಂದು ಹಚ್ಚುವ ತೆಳು ಡಾಂಬರು ದ್ರವ) ಬಳಿದು, ಜಲ್ಲಿ-ಡಾಂಬರಿನ ಬಿಸಿ ಮಿಶ್ರಣವನ್ನು ಪದರವಾಗಿ ಹಾಕಿ ರೋಲರ್ ಹೊಡೆಯಬೇಕು. ಆದರೆ ಏಪ್ರಿಲ್‌ನಲ್ಲಿ ಬಜೆಟ್ ವರ್ಷ ಶುರುವಾಗಿ, ಕ್ರಿಯಾಯೋಜನೆ, ಮಂಜೂರಾತಿ, ಟೆಂಡರ್ ಮುಗಿಯುವಷ್ಟರಲ್ಲಿ ಮಲೆನಾಡಿನ ಮಳೆ ಹಿಡಿದಿರುತ್ತದೆ. ಒದ್ದೆ ನೆಲಕ್ಕೆ ಡಾಂಬರು ಅಂಟುವುದಿಲ್ಲ. ಹಾಗಾಗಿ ಜಲ್ಲಿ ಪುಡಿ ಸುರಿಯುತ್ತಾರೆ, ಎರಡು ಮಳೆಗೆ ಅದೂ ಚರಂಡಿ ಸೇರುತ್ತದೆ.

ಫುಟ್‌ಪಾತಿನ ಪಾಡು ಇನ್ನೂ ಕಷ್ಟ, ಏಕೆಂದರೆ ಹಲವೆಡೆ ಅದು ಚರಂಡಿಯ ಮುಚ್ಚಳವಷ್ಟೇ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1.8 ಮೀಟರ್ ತೆರವಾದ ಅಗಲ ಕೇಳುತ್ತದೆ, ಚಪ್ಪಡಿ ಅದರ ಅರ್ಧವೂ ಇರುವುದಿಲ್ಲ. ಹೂಳು ತೆಗೆಯಲು ಹಾರೆಯಿಂದ ಎಬ್ಬಿಸಿದಾಗ ಮೂಲೆ ಒಡೆಯುತ್ತದೆ. ಬದಲಿ ಚಪ್ಪಡಿ ದಾಸ್ತಾನಿಲ್ಲದಿದ್ದರೆ ಚರಂಡಿಯ ಬಾಯಿ ತೆರೆದೇ ಉಳಿಯುತ್ತದೆ. ಬಜೆಟ್ ಪೂರ್ವಭಾವಿ ಸಭೆಯಲ್ಲಿ ವಾರ್ಡಿನವರು ಕೇಳಬೇಕಾದದ್ದು ಹೊಸ ಕಾಂಕ್ರೀಟ್ ರಸ್ತೆಯನ್ನಲ್ಲ. ಬದಲಿ ಚಪ್ಪಡಿಗೆ ಪ್ರತ್ಯೇಕ ಬಾಬ್ತು ಇದೆಯೇ, ಗುಂಡಿ ಮುಚ್ಚುವ ವಾರ್ಷಿಕ ಗುತ್ತಿಗೆ ಮೇ ತಿಂಗಳೊಳಗೆ ಕೈಗೆ ಬರುತ್ತದೆಯೇ ಎಂದು ಕೇಳಬೇಕು.